ಗೋಡೆಯೊಳಗಿನ ಬೂಟು

ಬಿಳಿ ಚೂಡಿದಾರದಲ್ಲೇ ಮಂಡಿಯೂರಿ, ಫೋನಿನ ಬೆಳಕು ಬಿಟ್ಟು ಹೇಮಶ್ರೀ ಸೋಫಾದ ಕೆಳಗೆ ಇಣುಕಿದಳು. ಅಲ್ಲೂ ಇರಲಿಲ್ಲ.

"ಫ್ಯೂನರಲ್ ಹೋಮಲ್ಲಿ ಹನ್ನೊಂದರವರೆಗೆ ಮಾತ್ರ ಟೈಮ್ ಕೊಟ್ಟಿರೋದು, ಫ್ರೀವೇ ಬೇರೆ ಜಾಮು," ಎಂದರು ಕಾರು ತಂದಿದ್ದ ಸ್ನೇಹಿತ ಜಗನ್ನಾಥ. "ಆ ಹಳೇ ಬೂಟು ಸಂಜೆ ಬಂದು ಹುಡುಕಿದ್ರಾಗಲ್ವಾ?"

"ನೋ! ಐ ವೋಂಟ್ ಕಮ್." ಆರು ವರ್ಷದ ಮಗಳು ನಿಸರ್ಗಾ ಬಾಗಿಲನ್ನು ಅವಚಿ ಹಿಡಿದಿದ್ದಳು. "ಅಜ್ಜಿ ಇಲ್ಲ, ಬೂಟೂ ಇಲ್ಲ. ಮನೆ ಯಾರು ವಾಚ್ ಮಾಡ್ತಾರೆ?"

"ಅತ್ತೆ ಇದೊಂದು ಇವಳ ತಲೆಗೆ ತುಂಬಿಟ್ಟು ಹೋದ್ರು!" ಎಂದು ಸಿಡುಕಿದ ಹೇಮಶ್ರೀ ಕೂಡಲೇ ನಾಲಿಗೆ ಕಚ್ಚಿಕೊಂಡಳು. ಬದುಕಿದ್ದಾಗ ಬೈದದ್ದು ಸಾಲದೇ? ಡೇಕೇರಿನಿಂದ ಬರುವಾಗ ಮಗುವಿನ, ಹೆಜ್ಜೆ ಇಟ್ಟರೆ ದೀಪ ಮಿನುಗುವ ಶೂ ಒಂದನ್ನು ಕಳೆದರೆಂದು ಬಂದವರೆದುರೇ ಗದರಿದ್ದಳು. ಅತ್ತೆ ಬಂಗಾರೆವ್ವ ತುಟಿ ಬಿಚ್ಚಿರಲಿಲ್ಲ. ಅದು ಬೆಳಗಿನಿಂದ ಎದೆಯಲ್ಲಿ ಚುಚ್ಚುತ್ತಿತ್ತು.

*

ಎರಡು ವರ್ಷದ ಹಿಂದಿನ ಮಾತು. ಅಲಮೀಡಾ ಊರಿನ ಈ ಹಳೇ ಮನೆಯ ಅಡುಗೆಕೋಣೆ ಒಡೆಸುವಾಗ, ಚಿಮಣಿಯ ಪಕ್ಕದ ಗೋಡೆಯಿಂದ ಅದು ದೊಪ್ಪನೆ ಬಿತ್ತು. ಅಂಗೈಯುದ್ದದ ಚರ್ಮದ ಬೂಟು, ಒಂದೇ. ಮೂತಿಗೆ ತಾಮ್ರದ ತಗಡು.

"ಹತ್ತೊಂಬತ್ತನೇ ಶತಮಾನದ್ದಂತ," ಹೇಮಶ್ರೀಯ ಗಂಡ ಅಜಯ ಫೋನು ನೋಡಿ ಹೇಳಿದ. "ಹುಡುಗ್ರು ತುದಿ ಸವಸಬಾರದಂತ ತಗಡು ಬಡೀತಿದ್ರಂತ. ಗೋಡ್ಯಾಗ ಯಾಕ ಇಟ್ರು ಅನ್ನೂದು ಯಾರಿಗೂ ಖಾತ್ರಿ ಇಲ್ಲ. ಮ್ಯೂಸಿಯಮ್ಮಿಗೆ ಕೊಡೂಣು."

ಅವನ ತಾಯಿ, ಗದಗಿನ ಬಂಗಾರೆವ್ವ, ಸೆರಗಿನಿಂದ ಅದರ ಧೂಳು ಒರೆಸಿದರು.

"ಯಾಕ ಅಂದ್ರ? ದೃಷ್ಟಿ ಆಗಬಾರದಂತ ನಾವೂ ಹೊಸ ಮನಿಗೆ ಹಳೇ ಕೆರಾ ಕಟ್ಟೂದಿಲ್ಲೇನು? ಯಾವಾಕಿನೋ ತಾಯಿ ತನ್ನ ಕೂಸಿಂದು ಇಟ್ಟಾಳ. ಎಲ್ಲಿತ್ತೋ ಅಲ್ಲೇ ಇಡ್ರಿ."

ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅಡುಗೆಕೋಣೆ ಮುಗಿಯುವ ಹೊತ್ತಿಗೆ ಬೂಟು ಮಾಯ. ಕೇಳಿದವರಿಗೆಲ್ಲ, "ಅದು ಡ್ಯೂಟಿ ಮ್ಯಾಲೈತಿ," ಎಂದು ಮುದುಕಿ ನಗುತ್ತಿದ್ದರು.

*

"ಅಲ್ಲೇ ಇಡ್ರಿ ಅಂದಿದ್ಲಲ್ಲ ಅವ್ವ!" ಅಜಯ ಥಟ್ಟನೆ ಅಡುಗೆಕೋಣೆಗೆ ನಡೆದ. ಚಿಮಣಿಯ ಪಕ್ಕ, ಪೈಪುಗಳ ರಿಪೇರಿಗೆಂದು ಗೋಡೆಯಲ್ಲಿ ಬಿಟ್ಟಿದ್ದ ಕಿಂಡಿಯ ಪುಟ್ಟ ಮರದ ಮುಚ್ಚಳಕ್ಕೆ ಅಕ್ಕಿ ಡಬ್ಬ ಅಡ್ಡವಿತ್ತು. ಹೇಮಶ್ರೀ ಡಬ್ಬ ಸರಿಸಿ, ಮುಚ್ಚಳ ತೆಗೆದು ಕೈ ಹಾಕಿದಳು. ಬೆರಳಿಗೆ ತಾಮ್ರ ತಣ್ಣಗೆ ತಾಗಿತು.

"ಸಿಕ್ತು ಪುಟ್ಟಾ!"

ಅದರ ಪಕ್ಕದಲ್ಲಿ ಇನ್ನೇನೋ ಮೆತ್ತಗಿತ್ತು. ಎಳೆದಳು. ಪುಟ್ಟ ಗುಲಾಬಿ ಶೂ, ಒಂದೇ.

"ಮಮ್ಮಿ, ದಟ್ಸ್ ಮೈನ್!"

ಹೇಮಶ್ರೀ ಅದನ್ನು ಎದೆಗವಚಿಕೊಂಡು ನೆಲಕ್ಕೆ ಕುಸಿದಳು. "ಅಷ್ಟು ಬೈದ್ನಲ್ಲ, ಆಗ್ಲಾದ್ರೂ ಒಂದು ಮಾತು ಹೇಳ್ಬಾರ್ದಿತ್ತಾ ಅತ್ತೆ," ಎಂದು ಬಿಕ್ಕಿ ಬಿಕ್ಕಿ ಅತ್ತಳು. ಜಗನ್ನಾಥ ಕಾರಿನ ಕೀಲಿಯನ್ನು ಜೇಬಿಗಿಳಿಸಿದರು.

ಸ್ವಲ್ಪ ಹೊತ್ತಿನ ಮೇಲೆ ಅವಳೇ ಎದ್ದು, ಎರಡನ್ನೂ ಜೊತೆಯಾಗಿ ಗೋಡೆಯೊಳಗೆ ಇಟ್ಟು ಮುಚ್ಚಿದಳು. ನಿಸರ್ಗಾ ಯಾರೂ ಕರೆಯದೆ ಹೋಗಿ ಕಾರಿನಲ್ಲಿ ಕೂತಳು.

ಇಟ್ಟ ಕುಲುಕಿಗೆ, ಮುಚ್ಚಳದ ಸಂದಿಯಲ್ಲಿ ಶೂವಿನ ಕೆಂಪು ದೀಪ ಇನ್ನೂ ಮಿನುಗುತ್ತಿತ್ತು.