ಕಿಸೆಯಲ್ಲಿ ತಂದ ಬೆಲ್ಲ

ಇಂಡಿ ತಾಲೂಕಿನ ಒಂದು ಹಳ್ಳಿ. ಹೆದ್ದಾರಿ ಬದಿಯ ಶೆಡ್ಡಿನಲ್ಲಿ ಹಳೆಯ ಬ್ಯಾಟರಿ ಒಡೆದು, ಒಳಗಿನ ಸೀಸ ಕರಗಿಸುತ್ತಾರೆ. ಮೊದಲು ಒಂದೇ ಭಟ್ಟಿ ಇತ್ತು, ಈಗ ಮೂರಾಗಿವೆ. ಗಾಳಿ ಊರ ಕಡೆ ತಿರುಗಿದರೆ ಮಾಳಿಗೆಯ ಮೇಲೆ ಒಣಹಾಕಿದ ಶಾವಿಗೆಯ ಮೇಲೆ ಬೂದಿ ಕೂರುತ್ತದೆ. ಹೆಂಗಸರು ಗೊಣಗುತ್ತ ಕೊಡವಿ ಡಬ್ಬಿಗೆ ತುಂಬುತ್ತಾರೆ. ಕೊಡವಿದರೆ ಹೋಯಿತು ಎನ್ನುವ ನಮ್ಮ ಬುದ್ಧಿಗೆ ಏನು ಹೇಳೋಣ!

ಅಮೋಘಸಿದ್ಧ ಆ ಭಟ್ಟಿಯಲ್ಲೇ ಕೂಲಿ. ಅವನ ಮಗಳು ಪ್ರಿಯದರ್ಶಿನಿ ಒಂದನೇ ತರಗತಿ. ಚುರುಕಾಗಿದ್ದ ಹುಡುಗಿ ಈಚೆಗೆ ಹೊಟ್ಟೆನೋವೆಂದು ಮುದುಡಿ ಮಲಗುತ್ತಿದ್ದಳು. ಕಲಿತ ಅಕ್ಷರ ಮರೆಯುತ್ತಿದ್ದಳು.

ಆಶಾ ಕಾರ್ಯಕರ್ತೆ ಸಗೀರಾ ಮನೆಗೆ ಬಂದಳು. "ಅಣ್ಣಾ, ದೊಡ್ಡ ದವಾಖಾನಿಗೆ ಕರ್ಕೊಂಡು ಹೋಗಿ ರಕ್ತಾ ತೋರಸ್ರಿ. ಭಟ್ಟಿ ಹೊಗ್ಯಾಗ ಸೀಸ ಇರತೈತಿ. ಸಣ್ಣ ಮಕ್ಕಳ ಮಿದುಳಿಗೆ ಅದು ವಿಷ."

ಅಮೋಘಸಿದ್ಧ ನಕ್ಕ. "ಸುಮ್ನ ಹೆದರಸಬ್ಯಾಡ ತಂಗಿ. ದಿನಾ ಆ ಹೊಗ್ಯಾಗ ನಿಂದರಾಂವ ನಾನು. ಸಂಜೀಕ ಭಟ್ಟಿ ಸಾವ್ಕಾರ ಒಂದು ತುಂಡು ಬೆಲ್ಲ ಕೊಡ್ತಾನ. ತಿಂದ್ರ ಧೂಳೆಲ್ಲಾ ತೊಳದು ಹೋಗತೈತಿ."

ಅವನ ಹೆಂಡತಿ ಇಂದ್ರಾಬಾಯಿ ಈ ಮಾತಿಗೆ ಸೊಪ್ಪು ಹಾಕಲಿಲ್ಲ. ಹಟ ಹಿಡಿದು ಮಗಳನ್ನು ಕರೆದೊಯ್ದಳು. ಹುಡುಗಿಯ ರಕ್ತದಲ್ಲಿ ಸೀಸ ಸಿಕ್ಕಿತು.

"ಕೆಲಸದ ಅಂಗಿ ಮ್ಯಾಲೇ ಮಗಳನ್ನ ಎತ್ಕೋತೀರೇನ್ರಿ?" ವರದಿ ನೋಡಿ ಸಗೀರಾ ಅಮೋಘಸಿದ್ಧನನ್ನು ಕೇಳಿದಳು.

"ಓಡಿ ಬರ್ತಾಳ, ಎತ್ಕೊಳ್ಳದ ಹ್ಯಾಂಗಿರ್ಲಿ?" ಅಮೋಘಸಿದ್ಧನ ದನಿ ಕುಗ್ಗಿತು. "ಬೆಲ್ಲಾನೂ ಅರ್ಧಾ ತಿಂದು, ಅರ್ಧಾ ಕಿಸೇದಾಗ ಇಟ್ಕೊಂಡು ಬಂದು ಅಕಿಗೆ ಕೊಡ್ತೇನಿ."

"ಬೆಲ್ಲ ಸೀಸಾನ ತೊಳ್ಯಾಂಗಿಲ್ರಿ. ಕಿಸೇದಾಗಿನ ಸೀಸದ ಪುಡಿ ಅದಕ್ಕ ಹತ್ತಿರತೈತಿ."

ಅಮೋಘಸಿದ್ಧ ಕಿಸೆ ಹೊರಳಿಸಿ ನೋಡಿದ. "ನನ್ನ ಕೈಯಾರೆ ತಿನ್ನಿಸೇನಲ್ಲೋ ಯಪ್ಪಾ..."

ಸಗೀರಾ ಮೆಲ್ಲಗೆ ಹೇಳಿದಳು: "ಇನ್ನ ಮ್ಯಾಲೆ ಅಲ್ಲೇ ಜಳಕಾ ಮಾಡಿ, ಬ್ಯಾರೆ ಅಂಗಿ ಹಾಕ್ಕೊಂಡು ಬರ್ರಿ. ಮನೀ ನೆಲಾ ಹಸಿ ಅರಿವೀಲೆ ಒರಸ್ರಿ. ತಿನ್ನೂ ಸಾಮಾನ ಮಾಳಗಿ ಮ್ಯಾಲೆ ಒಣಹಾಕಬ್ಯಾಡ್ರಿ."

ಊರವರು ಸೇರಿ ಪಂಚಾಯಿತಿಗೂ ಮಾಲಿನ್ಯ ನಿಯಂತ್ರಣ ಮಂಡಳಿಗೂ ದೂರು ಬರೆದರು. ಕೂಲಿ ಹೋದರೆ ಹೋಗಲಿ ಎಂದು ಅಮೋಘಸಿದ್ಧನೇ ಮೊದಲು ಸಹಿ ಹಾಕಿದ. ಪ್ರಿಯದರ್ಶಿನಿಯ ಹೊಟ್ಟೆನೋವು ಈಗ ಕಡಿಮೆಯಾಗಿದೆ. ಮಗಳ ಹಳೆಯ ಚುರುಕು ಪೂರ್ತಿ ಮರಳುತ್ತದೆಂದು ಮಾತ್ರ ಡಾಕ್ಟರು ಭರವಸೆ ಕೊಟ್ಟಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರ ಬದಿಯಲ್ಲೂ ಬ್ಯಾಟರಿ ಕರಗಿಸುವ, ತಂತಿ ಸುಡುವ, ಗುಜರಿ ಲೋಹ ಕಾಯಿಸುವ ಹೊಗೆ ಏಳುತ್ತಿದೆಯೇ? ಮಕ್ಕಳ ರಕ್ತ ಪರೀಕ್ಷೆ ಮಾಡಿಸಿ. ಒಬ್ಬರೇ ಗೊಣಗಬೇಡಿ, ಊರೆಲ್ಲ ಸೇರಿ ದೂರು ಕೊಡಿ. ಪ್ರಿಯದರ್ಶಿನಿಯ ಅಪ್ಪನಿಗೆ ಗೊತ್ತಿರಲಿಲ್ಲ. ನಿಮಗೆ ಈಗ ಗೊತ್ತಾಗಿದೆ.