ಜಯಪ್ರಕಾಶನ ಪಥ್ಯ

ನೆರೆಮನೆಯ ಸಿದ್ದಮ್ಮ ಹೆಣದ ತಲೆ ಎತ್ತಿ ಹಿಡಿದಳು. ಮಾಲತಿ ಅವ್ವನ ಮೈಮೇಲೆ ನೀರು ಹುಯ್ದಳು. ನೀರು ಪಕ್ಕೆಲುಬುಗಳ ಸಂದಿಯಲ್ಲಿ ನಿಂತು ನಿಂತು ಇಳಿಯಿತು. ತುಂಬಿದ ಕಾಫಿ ಚೀಲ ತಲೆ ಮೇಲೆ ಹೊತ್ತು, ಲೆಕ್ಕ ಬರೆಯುವ ರೈಟರನ್ನೇ ಗೇಲಿ ಮಾಡುತ್ತಾ ಚೆಟ್ಟಳ್ಳಿಯ ತೋಟದಿಂದ ಇಳಿದು ಬರುತ್ತಿದ್ದ ಬೆಳ್ಳಿ ಇವಳೇ ಎಂದರೆ ಯಾರೂ ನಂಬುವಂತಿರಲಿಲ್ಲ.

“ಏನೂ ಉಳಿಸಿಲ್ವಲ್ಲೇ ಈ ರೋಗ,” ಎಂದಳು ಸಿದ್ದಮ್ಮ.

ತಿಂದದ್ದು ರೋಗ ಒಂದೇ ಅಲ್ಲ ಎನ್ನುವ ಮಾತು ಮಾಲತಿಯ ನಾಲಗೆಯ ತನಕ ಬಂದು ಹಿಂದಕ್ಕೆ ಹೋಯಿತು. ತೋಟದ ಆಳುಗಳ ಲೈನ್ ಮನೆಯ ಅಂಗಳದಿಂದ ಅವ್ವನ ತಮ್ಮ ಜಯಪ್ರಕಾಶನ ದನಿ ಕೇಳುತ್ತಿತ್ತು. ಕಕ್ಕಬೆಯ ಹೋಮ್‌ಸ್ಟೇಯಲ್ಲಿ ಜೀಪು ಓಡಿಸುವವನು. ನಾಲ್ಕು ಜನ ಸೇರಿದ ಕಡೆ ಮಾತೆಲ್ಲ ಅವನದೇ.

“ನಾನೇನ್ ಕಮ್ಮಿ ಮಾಡ್ದೆ ಹೇಳಿ? ಒಂದು ಚೂರು ಸಿಹಿ ಕೊಟ್ಟಿಲ್ಲ, ಒಂದು ಅಗುಳು ಅನ್ನ ಕೊಟ್ಟಿಲ್ಲ. ಆ ಕ್ಯಾನ್ಸರನ್ನ ಉಪವಾಸ ಕೆಡವಿಟ್ಟಿದ್ದೆ!”

*

ಮೈಸೂರಿನ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಬಿಡಿಸಿ ಹೇಳಿದ್ದರು. “ಇದು ರಕ್ತದ ಕ್ಯಾನ್ಸರ್. ಈ ಕೆಟ್ಟ ಕಣಗಳು ಸಕ್ಕರೆ ಅಂಶನೆಲ್ಲ ತಾವೇ ಬಾಚಿ ತಿಂತವೆ. ರೋಗದ ಜೊತೆ ಹೊಡೆದಾಡೋ ಒಳ್ಳೆ ಕಣಗಳಿಗೆ ಏನೂ ಸಿಗಲ್ಲ, ಸೋತು ಮಲಗ್ತವೆ.”

ಅಷ್ಟರಲ್ಲಿ ಜಯಪ್ರಕಾಶನ ಫೋನು ಬಡಿದುಕೊಂಡಿತು. ಯಾರೋ ಟೂರಿಸ್ಟು. ಅವನು ಎದ್ದು ಹೊರಗೆ ಹೋದ. ಡಾಕ್ಟರಮ್ಮ ಮಾತು ಮುಂದುವರಿಸಿದರು.

“ಕೆಟ್ಟ ಕಣಗಳು ತಿನ್ನೋದನ್ನ ಮಾತ್ರ ತಡೆಯೋ ಮಾತ್ರೆ ಒಂದನ್ನ ಪರೀಕ್ಷೆ ಮಾಡ್ತಿದ್ದಾರೆ. ಗುಣ ಆಗೇ ಆಗುತ್ತೆ ಅಂತ ಹೇಳಕ್ಕಾಗಲ್ಲ. ಆ ಪರೀಕ್ಷೆಗೆ ನಿಮ್ಮ ಹೆಸರು ಸೇರಿಸಬಹುದು, ಆದ್ರೆ ಮೈಯಲ್ಲಿ ಶಕ್ತಿ ಇರ್ಬೇಕು. ಊಟ ಮಾತ್ರ ಬಿಡಬೇಡಿ.”

ಇದನ್ನು ಕೇಳಿದ್ದು ಅವ್ವ, ಮಗಳು ಇಬ್ಬರೇ. ಊರಿಗೆ ಬಂದ ಸಂಜೆಯೇ ಜಯಪ್ರಕಾಶ ಬೆಲ್ಲದ ಡಬ್ಬಿಯನ್ನು ಚರಂಡಿಗೆ ಸುರಿದು, ಅಕ್ಕಿ ಚೀಲವನ್ನು ಜೀಪಿಗೆ ಹಾಕಿದ.

“ಊಟ ಬಿಡಬೇಡಿ ಅಂದ್ರಲ್ಲ ಮಾವ,” ಎಂದಳು ಮಾಲತಿ, ನೆಲ ನೋಡುತ್ತಾ.

“ಏಳನೇ ಕ್ಲಾಸಿಗೆ ಸ್ಕೂಲ್ ಬಿಟ್ಟವಳು ನಂಗೆ ಹೇಳಿಕೊಡ್ತೀಯಾ? ಕಿವಿಯಾರೆ ಕೇಳಿದ್ದೀನಿ ನಾನು.”

“ಅವ್ನು ನಾಕು ಊರು ತಿರುಗೋನು, ಅವ್ನಿಗೆ ಗೊತ್ತಿರುತ್ತೆ ಬಿಡೇ,” ಎಂದಳು ಅವ್ವ.

ಅಂದಿನಿಂದ ಅವ್ವನಿಗೆ ಬರೀ ಹಾಗಲಕಾಯಿ ರಸ, ಬೇಯಿಸಿದ ಸೊಪ್ಪು. ಮಾಲತಿ ಕದ್ದು ಗಂಜಿ ತಂದರೆ ಅವ್ವ ತುಟಿ ಬಿಗಿದುಕೊಳ್ಳುತ್ತಿದ್ದಳು. “ಆ ರೋಗಕ್ಕೆ ತಿನ್ನಿಸ್ಬೇಡ ಕಣೇ.” ಮತ್ತೆ ಮೈಸೂರಿಗೆ ಹೋದಾಗ ಡಾಕ್ಟರಮ್ಮ ಅವ್ವನ ಸೊರಗಿದ ತೋಳು ಹಿಡಿದು ನೋಡಿದರು. ಆ ಮಾತ್ರೆಯ ಮಾತೇ ಎತ್ತಲಿಲ್ಲ.

*

ಹೆಣ ಎತ್ತುವ ಮೊದಲು ಬಾಯಿಗೆ ನೀರು ಬಿಡುವ ಶಾಸ್ತ್ರ. ಜಯಪ್ರಕಾಶ ಚೊಂಬಿನಲ್ಲಿ ಬೆಲ್ಲದ ನೀರು ಕದಡಿಕೊಂಡು ಬಂದ.

“ಅಕ್ಕಂಗೆ ಬೆಲ್ಲ ಅಂದ್ರೆ ಪ್ರಾಣ!” ಎಂದು ಗೊಳೋ ಎಂದು ಅಳುತ್ತಾ ಹುಯ್ದ. ಕಂದು ನೀರು ಕಟಬಾಯಿಯಿಂದ ಕುತ್ತಿಗೆಗೆ ಇಳಿಯಿತು. ನೊಣಗಳು ಬಂದು ಕೂತವು. ಅವನ ಅಳುವ ಬಾಯಿ, ಎಲೆಯಡಿಕೆಯ ಕೆಂಪು ಹಲ್ಲು, ಬೆನ್ನು ಸವರುತ್ತಿದ್ದ ನೆಂಟರು, ಯಾವುದನ್ನೂ ಮಾಲತಿಗೆ ನೋಡಲಾಗಲಿಲ್ಲ. ಸೆರಗಿನಿಂದ ಅವ್ವನ ಬಾಯಿ ಒರೆಸಿದಳು. ಅಂಟು ಹೋಗಲಿಲ್ಲ.

ಮಣ್ಣು ಮಾಡಿ ಬಂದವರಿಗೆ ಲೈನಿನ ಹೆಂಗಸರು ಅನ್ನ, ಸಾರು ಮಾಡಿದ್ದರು. ಜಗಲಿಯಲ್ಲಿ ಎಲೆ ಹಾಕಿದರು. ಸಿದ್ದಮ್ಮನ ಗಂಡ ಸಣ್ಣಸ್ವಾಮಿಗೂ ಈಚೆಗೆ ಅದೇ ರೋಗ ಎಂದು ಗೊತ್ತಾಗಿತ್ತು. ಜಯಪ್ರಕಾಶ ಹುಡುಕಿಕೊಂಡು ಬಂದು ಅವನ ಪಕ್ಕದಲ್ಲೇ ಕೂತ.

“ಅಣ್ಣ, ಇವತ್ತಿಂದ ಅನ್ನ ಮುಟ್ಟಬೇಡಿ. ನಾನೇ ಬಂದು ಪಥ್ಯ ಹೇಳಿಕೊಡ್ತೀನಿ.”

“ಈ ಮುದುಕನ್ನ ತಿಂದು ಅದಕ್ಕೇನು ಸಿಗುತ್ತೆ ಮಾರಾಯ, ಬರೀ ಬೀಡಿ ಹೊಗೆ,” ಎಂದು ಸಣ್ಣಸ್ವಾಮಿ ನಕ್ಕ. ಆದರೂ ಎಲೆಯಿಂದ ಕೈ ಹಿಂದಕ್ಕೆ ತೆಗೆದ. ಸಾರಿನ ಪಾತ್ರೆ ಹಿಡಿದಿದ್ದ ಸಿದ್ದಮ್ಮ ಹೂಂಗುಟ್ಟಿದಳು.

ಮಾಲತಿ ಅನ್ನದ ಪಾತ್ರೆ ಹಿಡಿದು ಅವರ ಮುಂದೆ ಬಂದಳು. ಜಯಪ್ರಕಾಶ ಸಣ್ಣಸ್ವಾಮಿಯ ಎಲೆಗೆ ತನ್ನ ಅಂಗೈ ಅಡ್ಡ ಹಿಡಿದ.

“ಇವ್ರಿಗೆ ಬೇಡ.”

ಗಂಡಸರೆಲ್ಲ ನೋಡುತ್ತಿದ್ದರು. ಮಾಲತಿ ಹಬೆಯಾಡುವ ಅನ್ನವನ್ನು ಸೌಟಿನ ತುಂಬ ತೆಗೆದು ಆ ಕೈಯ ಮೇಲೆಯೇ ಹಾಕಿದಳು.

“ಅಯ್ಯಪ್ಪಾ!” ಎಂದು ಅವನು ಕೈ ಕೊಡವಿದ.

“ತಿನ್ನಿ ದೊಡ್ಡಪ್ಪ,” ಎಂದು ಇನ್ನೊಂದು ಸೌಟು ಎಲೆಗೆ ಬಡಿಸಿದಳು. “ಊಟ ಬಿಡಬೇಡಿ ಅಂದಿದ್ರು ಡಾಕ್ಟರಮ್ಮ. ಮಾವ ಆಗ ಫೋನ್ ಹಿಡ್ಕೊಂಡು ಹೊರಗೆ ಹೋಗಿದ್ರು.”

ಜಯಪ್ರಕಾಶ ಅಗುಳು ಅಂಟಿದ ಬೆರಳುಗಳನ್ನು ಊದಿಕೊಳ್ಳುತ್ತಿದ್ದ. ಸಿದ್ದಮ್ಮ ಗಂಡನ ಎದುರು ಕುಕ್ಕರುಗಾಲಲ್ಲಿ ಕೂತು, ಅನ್ನದ ನಡುವೆ ಕೈಯಿಂದಲೇ ಗುಳಿ ಮಾಡಿ, ಎಲೆಯಿಂದ ಆಚೆಗೆ ಹರಿಯುವಷ್ಟು ಸಾರು ಹುಯ್ದಳು.