ದೊರೆಸ್ವಾಮಿ ದೋಣಿ ಮಾರಿದ್ದು

ತೆರಕಣಾಂಬಿಯಲ್ಲಿ ಬಸ್ ಇಳಿದು ದೊರೆಸ್ವಾಮಿಯವರ ಮನೆ ಯಾವುದು ಎಂದು ಕೇಳಿದರೆ, "ದೋಣಿ ನಿಂತದಲ್ಲ, ಅದೇಯ" ಎಂದು ಯಾರಾದರೂ ಕೈ ತೋರಿಸುತ್ತಿದ್ದರು. ಮನೆಯ ಪಕ್ಕ, ಒಂದು ಕಾಲಕ್ಕೆ ದನ ಕಟ್ಟುತ್ತಿದ್ದ ಜಾಗದಲ್ಲಿ, ಎತ್ತರದ ತಗಡಿನ ಚಪ್ಪರದಡಿ ಇಪ್ಪತ್ತನಾಲ್ಕು ಅಡಿಯ ಹಾಯಿದೋಣಿಯೊಂದು ಮರದ ದಿಮ್ಮಿಗಳ ಮೇಲೆ ಕೂತಿತ್ತು. ಅದು ಹಾಗೆ ಕೂತು ಒಂಬತ್ತು ವರ್ಷವಾಗಿತ್ತು. ಒಳಗೆ ಇಬ್ಬರು ಮಲಗುವ ಗೂಡು, ಅಂಗೈಯಗಲದ ಒಲೆ, ಪಾತ್ರೆ ತೊಳೆಯಲು ಪುಟ್ಟ ತೊಟ್ಟಿ ಎಲ್ಲ ಇದ್ದವು. ಹತ್ತಿರದ ಸಮುದ್ರಕ್ಕೆ ಹೋಗಬೇಕೆಂದರೆ ಮಾತ್ರ ಬಂಡೀಪುರದ ಕಾಡು ದಾಟಿ, ಘಾಟಿ ಇಳಿದು, ಕೇರಳ ಸೇರಬೇಕಿತ್ತು.

ಗಂಗಾಂಬಿಕೆಗೆ ಈ ದೋಣಿಯ ಬಗ್ಗೆ ಮಾತಾಡದೆ ದಿನ ಹೋಗುತ್ತಿರಲಿಲ್ಲ. ಗಂಡ ಬೆಳಿಗ್ಗೆ ಎದ್ದವರೇ ಕಾಫಿಗೂ ಮುಂಚೆ ಅದರ ಸುತ್ತ ಒಂದು ಸುತ್ತು ಬರುತ್ತಿದ್ದರು. "ಪ್ರದಕ್ಷಿಣೆ ಆಯ್ತಾ? ಮಂಗಳಾರತಿ ತರ್ಲಾ?" ಎಂದು ಇವಳು ಅಡುಗೆಮನೆಯಿಂದ ಕೇಳುವಳು. ವರ್ಷವರ್ಷ ಬೇಸಿಗೆಗೆ ಮರದ ಭಾಗಕ್ಕೆಲ್ಲ ವಾರ್ನಿಷ್, ಹಿತ್ತಾಳೆಯ ಬೀಗಗಳಿಗೆ ಹುಣಸೆಹಣ್ಣಿನ ಉಜ್ಜು, ಹಾಯಿಹಗ್ಗದ ರಾಟೆಗಳಿಗೆ ಎಣ್ಣೆ. ಮನೆಯ ಮುಂಬಾಗಿಲಿಗೆ ಮಗಳು ಮಾನಸಳ ಮದುವೆಯಲ್ಲಿ ಬಣ್ಣ ಬಳಿದದ್ದೇ ಕೊನೆ.

ದೊರೆಸ್ವಾಮಿ ಇಪ್ಪತ್ತೆರಡು ವರ್ಷ ನೌಕಾಪಡೆಯಲ್ಲಿ ಇದ್ದವರು. ಊರಿನವರು ಅವರನ್ನು ಕ್ಯಾಪ್ಟನ್ ಎಂದೇ ಕರೆಯುತ್ತಿದ್ದರು, ಅವರೂ ಬೇಡವೆನ್ನುತ್ತಿರಲಿಲ್ಲ. ಅವರು ಕೆಲಸ ಮಾಡಿದ್ದು ಹಡಗಿನ ಹೊಟ್ಟೆಯೊಳಗೆ, ಇಂಜಿನ್ನಿನ ಪಕ್ಕದಲ್ಲಿ. ಅಷ್ಟೂ ವರ್ಷದಲ್ಲಿ ಅವರು ಕಂಡ ಸಮುದ್ರ ಅಷ್ಟಕ್ಕಷ್ಟೆ. ಕೊಚ್ಚಿಯಲ್ಲಿದ್ದಾಗ ಪಕ್ಕದ ಮನೆಯ ಸಾರಾ ಟೀಚರ್ ದಂಪತಿ ದೇಶ ಬಿಟ್ಟು ಹೊರಟರು. ಅವರ ಹಾಯಿದೋಣಿಯನ್ನು ದೊರೆಸ್ವಾಮಿ ಆಸೆಪಟ್ಟು ಕೊಂಡರು. ಕೊಂಡ ಮೊದಲ ಭಾನುವಾರವೇ ಗೊತ್ತಾಯಿತು, ಸಣ್ಣ ದೋಣಿಯಲ್ಲಿ ಅಲೆಯನ್ನು ಎದುರಿಗೆ ಕಂಡರೆ ಅವರಿಗೆ ಹೊಟ್ಟೆ ತೊಳಸುತ್ತದೆ. ಆದರೆ ಸಾರಾ ಟೀಚರ್ ಅದಕ್ಕೂ ಎರಡು ವರ್ಷ ಮುಂಚಿನಿಂದ ಗಂಗಾಂಬಿಕೆಯನ್ನು ಜೊತೆಗೆ ಕೂರಿಸಿಕೊಂಡು ಹೋಗುತ್ತಿದ್ದರು. ಗಾಳಿ ಯಾವ ಕಡೆಯಿಂದ ಬಂದರೆ ಹಾಯಿ ಎಷ್ಟು ಬಿಡಬೇಕು, ಎಷ್ಟು ಎಳೆಯಬೇಕು ಎಂದು ಅವಳಿಗೆ ಕೈಗೇ ತಿಳಿದುಹೋಗಿತ್ತು. ಹಾಗಾಗಿ ಆಮೇಲಿನ ಎಂಟೊಂಬತ್ತು ವರ್ಷ ಚುಕ್ಕಾಣಿ ಹಿಡಿದವಳು ಅವಳು. ಗಂಡ ಒಳಗೆ ಕೂತು ರಾಟೆ ಬಿಚ್ಚಿ ಜೋಡಿಸುವರು.

ಇದು ಊರಿಗೆ ಗೊತ್ತಿರಲಿಲ್ಲ. ಸಂಜೆ ಜಗುಲಿಯ ಮೇಲೆ ಪಕ್ಕದ ಮನೆಯ ಚಿಕ್ಕಬೀರಯ್ಯ ಬಂದು ಕೂತರೆ ದೊರೆಸ್ವಾಮಿಯ ಕಥೆ ಶುರು. ಕೇರಳದ ಕೊಲ್ಲಂ ಹತ್ತಿರ ಬಿರುಗಾಳಿ ಎದ್ದದ್ದು, ಒಂದು ಕೈಯಲ್ಲಿ ಚುಕ್ಕಾಣಿ ಒಂದು ಕೈಯಲ್ಲಿ ಹಗ್ಗ ಹಿಡಿದು ದೋಣಿಯನ್ನು ದಡ ಸೇರಿಸಿದ್ದು. ಚಿಕ್ಕಬೀರಯ್ಯ ಬಾಯಿ ತೆರೆದು ಕೇಳುವನು. ಗಂಗಾಂಬಿಕೆ ಕಾಫಿ ಲೋಟ ಇಡುತ್ತ, "ಆಗ ನಾನೆಲ್ಲಿದ್ದೆ?" ಎನ್ನುವಳು.

"ಒಳಗಿದ್ದೆ ಕಣ, ಎದ್ರುಕೊಂಡು."

"ಔದೌದು," ಎಂದು ಲೋಟ ಎತ್ತಿಕೊಂಡು ಹೋಗುವಳು. ಅಡುಗೆಮನೆಯಲ್ಲಿ ಸೆರಗು ಬಾಯಿಗಿಟ್ಟು ನಗುವುದು ಅವಳಿಗೆ ರೂಢಿಯಾಗಿತ್ತು.

ಮಾರುವ ಮಾತು ಎತ್ತಿದ್ದು ದೊರೆಸ್ವಾಮಿಯವರೇ. ಈ ವರ್ಷ ವಾರ್ನಿಷ್ ಮುಗಿಸಿ ಕೈ ಒರೆಸುತ್ತ, "ಗಂಗಾ, ನಮ್ಮ ಕೈಲಿ ಇದು ಇನ್ನು ನೀರು ಕಾಣಲ್ಲ. ಕಾಣೋರಿಗೆ ಕೊಟ್ಬುಡನ," ಎಂದರು. ಕೆಲಸದಿಂದ ನಿವೃತ್ತರಾಗಿ ದೋಣಿ ಸಮೇತ ಊರಿಗೆ ಬಂದಾಗ, ಎರಡು ವರ್ಷ ಬಿಟ್ಟು ಕೊಚ್ಚಿಗೆ ಮರಳುವ ಲೆಕ್ಕವಿತ್ತು. ಅತ್ತೆಯ ಕಾಯಿಲೆ, ಮಗಳ ಮದುವೆ, ಹೊಲ ಎಂದು ಅದು ಹಾಗೇ ಉಳಿದಿತ್ತು. ಗಂಗಾಂಬಿಕೆಗೆ ತಮಾಷೆಯ ಮಾತೊಂದು ಬಾಯಿಗೆ ಬಂದಿತ್ತು. ಅವರ ಮುಖ ನೋಡಿ ನುಂಗಿಕೊಂಡಳು.

ಚಾಮರಾಜನಗರದಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದ ಮಾನಸ ಜಾಹೀರಾತು ಹಾಕಲು ವಿವರ ಕೇಳಿದಳು. ದೊರೆಸ್ವಾಮಿ ನಾಲ್ಕು ಪುಟ ಬರೆದರು. ಎಡಬದಿಯಲ್ಲಿ ಒಂದಿಂಚು ಗೀರು, ಮೂರನೆಯ ಕಿಟಕಿಯ ಚಿಲಕ ಸ್ವಲ್ಪ ಬಿಗಿ, ಒಲೆಯ ಬಲಗಡೆಯ ಗುಂಡಿ ಬದಲಾಯಿಸಿದ್ದು.

"ಅಪ್ಪಾಜಿ, ಇದು ಮಾರಾಟಕ್ಕಾ, ಇಲ್ಲ ಆಸ್ಪತ್ರೆಗೆ ಸೇರಿಸೋಕಾ?" ಎಂದು ಮಾನಸ ಫೋನಿನಲ್ಲಿ ನಕ್ಕಳು.

"ನನ್ನ ನೋಡೋಕೆ ಬಂದಾಗ ನಿಮ್ಮಪ್ಪನ ಮನೇವ್ರಿಗೆ ನಮ್ಮವ್ವ ಇಷ್ಟೆಲ್ಲ ಹೇಳಿದ್ರೆ ಮದುವೇನೇ ಆಗ್ತಿರ್ಲಿಲ್ಲ," ಎಂದಳು ಗಂಗಾಂಬಿಕೆ.

ಫೋನುಗಳು ಬಂದವು. ಒಬ್ಬ ಲೀಟರಿಗೆ ಎಷ್ಟು ಕೊಡುತ್ತದೆ ಎಂದು ಕೇಳಿದ. ಗಾಳಿಯಲ್ಲಿ ಓಡುತ್ತದೆ ಎಂದಾಗ, ಗ್ಯಾಸಾ ಎಂದು ಕೇಳಿ ಇಟ್ಟುಬಿಟ್ಟ. ಕಾಡಂಚಿನಲ್ಲಿ ರೆಸಾರ್ಟ್ ನಡೆಸುತ್ತಿದ್ದ ಸೋಮೇಶ್ ಎಂಬವನು ಕಾರಿನಲ್ಲೇ ಬಂದ. ಕೇಳಿದ್ದಕ್ಕಿಂತ ಹೆಚ್ಚೇ ಕೊಡಲು ತಯಾರಿದ್ದ. ದೊರೆಸ್ವಾಮಿ ಖುಷಿಯಿಂದ ಎಲ್ಲ ತೋರಿಸಿ, "ಯಾವ ನೀರಿಗೆ ಇಳಿಸ್ತೀರಿ?" ಎಂದು ಕೇಳಿದರು.

"ನೀರ್ಯಾಕೆ ಸಾರ್? ಮೇಲಿನದ್ದೆಲ್ಲ ಕುಯ್ದು ಟೇಬಲ್ ಹಾಕ್ತೀವಿ. ದೋಣಿ ಬಿರಿಯಾನಿ ಅಂತ ಬೋರ್ಡು."

ದೊರೆಸ್ವಾಮಿ ಕೆಳಗಿಳಿದು ಏಣಿ ತೆಗೆದು ಗೋಡೆಗೆ ಒರಗಿಸಿದರು. ಸೋಮೇಶ್ ಇನ್ನೂ ಮೇಲೆಯೇ ಇದ್ದ. ಗಂಗಾಂಬಿಕೆ ಓಡಿ ಬಂದು ಏಣಿ ಹಾಕಿ ಇಳಿಸಿ, ಮಜ್ಜಿಗೆ ಕೊಟ್ಟು ಕಳಿಸಬೇಕಾಯಿತು.

ಆಷಾಢದ ಮೊದಲ ವಾರ ಭಾನು ಬಂದಳು. ಇದೇ ಜಿಲ್ಲೆಯ ಕುದೇರಿನ ಹೆಣ್ಣುಮಗಳು, ಮೂವತ್ತೈದರ ಸುಮಾರು, ಕೊಚ್ಚಿ ಬಂದರಿನಲ್ಲಿ ಹಡಗುಗಳ ತಪಾಸಣೆಯ ಕೆಲಸ. ಜಾಹೀರಾತಿನಲ್ಲಿ ತೆರಕಣಾಂಬಿ ಎಂದು ಓದಿ, ಯಾರೋ ತಮಾಷೆ ಮಾಡಿದ್ದಾರೆ ಅಂದುಕೊಂಡಿದ್ದಳಂತೆ. ತಾಯಿಯನ್ನು ನೋಡಲು ಊರಿಗೆ ಬಂದವಳು ಇಲ್ಲಿಗೂ ಬಂದಿದ್ದಳು. ಬಂದವಳೇ ಸಣ್ಣ ಸುತ್ತಿಗೆ ತೆಗೆದು ದೋಣಿಯ ಅಡಿಯನ್ನು ಟಕಟಕ ಬಡಿದು ಕಿವಿಗೊಟ್ಟಳು. ದೊರೆಸ್ವಾಮಿ ಹಿಂದೆ ಹಿಂದೆಯೇ ಹೋಗಿ ಎಡಬದಿಯ ಗೀರು ತೋರಿಸಿದರು. ಅವಳು ಮೇಲೂ ಹತ್ತಿ, ಒಂದು ಗಂಟೆ ನೋಡಿ ಇಳಿದಳು.

"ಮಾವ, ಹೊಸ ದೋಣೀನೂ ಇಷ್ಟು ಚೆನ್ನಾಗಿರಲ್ಲ. ಆದ್ರೆ ಒಂಬತ್ತು ವರ್ಷ ಒಣಗಿ ನಿಂತದ. ನೀರಲ್ಲಿ ನೋಡ್ದೆ ನಾನು ತಗೊಳಲ್ಲ."

"ಅದ್ಕೇನಂತ, ಕೆರೆ ತುಂಬಿ ನಿಂತದ," ಎಂದಳು ಗಂಗಾಂಬಿಕೆ. ಗಂಡನ ಮುಖ ಕಳೆಗುಂದಿದ್ದನ್ನು ಅವಳು ಗಮನಿಸಿದಳು. ದೋಣಿ ನೀರಿಗಿಳಿದರೆ ಯಾರಾದರೂ ಅದನ್ನು ನಡೆಸಲೇಬೇಕಲ್ಲ.

ಪಂಚಾಯಿತಿಯವರು ಒಪ್ಪಿದರು, ಅವರಿಗೂ ನೋಡುವ ಆಸೆ. ಕರಿಕಲ್ಲಿನ ಕ್ವಾರಿಯಲ್ಲಿ ಕ್ರೇನ್ ಓಡಿಸುವ ಕನಕರಾಜು ಭಾನುವಾರ ಕ್ರೇನ್ ತಂದ. "ಕಲ್ಲಾದ್ರೆ ಎತ್ತಿ ಬಿಸಾಕ್ತೀನಿ. ಇದನ್ನ ಕೂಸೆತ್ತಿದಂಗೆ ಎತ್ತು ಅಂತಾರಲ್ಲ ಕ್ಯಾಪ್ಟನ್ನು!" ಎನ್ನುತ್ತ ಪಟ್ಟಿ ಬಿಗಿದ. ದೊರೆಸ್ವಾಮಿ ಅದರ ಪಕ್ಕದಲ್ಲೇ ಕೈ ಮೇಲೆತ್ತಿಕೊಂಡು ಕೆರೆಯವರೆಗೂ ನಡೆದರು, ಬಿದ್ದರೆ ತಾವೇ ಹಿಡಿಯುವವರ ಹಾಗೆ.

ಕೆರೆ ಏರಿಯ ಮೇಲೆ ಅರ್ಧ ಊರು ಸೇರಿತ್ತು. ಆಷಾಢದ ಗಾಳಿ ಆಚೆಯ ಸೂರ್ಯಕಾಂತಿ ಹೊಲಗಳನ್ನು ಬಗ್ಗಿಸಿಕೊಂಡು ಬರುತ್ತಿತ್ತು. ದೋಣಿ ನೀರಿಗೆ ತಾಗಿ, ಒಮ್ಮೆ ತೂಗಿ, ನಿಂತಿತು. ಜನ ಶಿಳ್ಳೆ ಹೊಡೆದರು. ದೊರೆಸ್ವಾಮಿಯೂ ಭಾನುವೂ ಹತ್ತಿದರು. ಕಂಬ ನಿಲ್ಲಿಸಿದರು, ಹಾಯಿ ಕಟ್ಟಿದರು. ಗಾಳಿಗೆ ಹಾಯಿ ಪಟಪಟ ಬಡಿದುಕೊಂಡಿತು. ದೋಣಿ ಎಡಕ್ಕೂ ಬಲಕ್ಕೂ ಹೊರಳಿತು. ದೊರೆಸ್ವಾಮಿಯ ಮುಖ ಬಿಳಿಚಿಕೊಂಡಿತು.

"ನಡ್ಸು ಕ್ಯಾಪ್ಟನ್! ಕೊಲ್ಲಂನಲ್ಲಿ ನಡ್ಸಿದಂಗೆ!" ಎಂದು ಚಿಕ್ಕಬೀರಯ್ಯ ಏರಿಯಿಂದ ಕೂಗಿದ.

ಗಂಗಾಂಬಿಕೆ ದಡದಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಒಂಬತ್ತು ವರ್ಷದಿಂದ ಈ ಗಳಿಗೆ ಬರಬೇಕೆಂದು ಅವಳಿಗೆ ಒಳಗೊಳಗೇ ಆಸೆಯಿತ್ತು. ಇನ್ನೊಂದು ನಿಮಿಷ ನೋಡುತ್ತ ನಿಲ್ಲೋಣವೆನಿಸಿತು. ಅಷ್ಟರಲ್ಲಿ ದೊರೆಸ್ವಾಮಿ ಅವಳತ್ತ ತಿರುಗಿದರು. ಚುಕ್ಕಾಣಿ ಬಿಟ್ಟು ಪಕ್ಕಕ್ಕೆ ಸರಿದರು. ಅವಳು ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಮೊಣಕಾಲುದ್ದ ನೀರಿನಲ್ಲಿ ನಡೆದು ದೋಣಿ ಹತ್ತಿದಳು.

"ನೀವು ಒಳಗೆ ಓಗಿ, ನೀರು ಜಿನುಗ್ತದಾ ನೋಡಿ," ಎಂದಳು ಮೆಲ್ಲಗೆ. ಅವರು ಟಾರ್ಚ್ ಹಿಡಿದು ಒಳಗೆ ಇಳಿದರು.

ಚುಕ್ಕಾಣಿ ಕೈಗೆ ಬಂದದ್ದೇ ಅವಳ ಮೈ ತಾನಾಗಿ ಓರೆಯಾಗಿ ಕೂತಿತು. ಹಗ್ಗ ಎಳೆದಳು. ಹಾಯಿ ಬಡಿದುಕೊಳ್ಳುವುದು ನಿಂತು, ಉಬ್ಬಿತು. ದೋಣಿ ಒಂದು ಬದಿಗೆ ವಾಲಿ ಸರ್ರನೆ ಹೊರಟಿತು. ಏರಿಯ ಮೇಲೆ ಕೂಗು ಎದ್ದು, ಮತ್ತೆ ಪೂರ್ತಿ ನಿಂತುಹೋಯಿತು. ಕೆರೆಯ ಆಚೆ ದಡ ನಿಮಿಷದಲ್ಲಿ ಎದುರಿಗೇ ಬಂತು.

"ತಲ ಕುನಿಕ್ಕ್!" ಎಂದು ಕೂಗಿದಳು. ದೋಣಿಯ ಮಾತೆಲ್ಲ ಅವಳಿಗೆ ಬರುತ್ತಿದ್ದುದು ಸಾರಾ ಟೀಚರ್ ಕಲಿಸಿದ ಮಲಯಾಳದಲ್ಲೇ. ಭಾನು ತಟ್ಟನೆ ತಲೆ ಬಗ್ಗಿಸಿದಳು. ಹಾಯಿಯ ಅಡ್ಡಗಂಬ ತಲೆಯ ಮೇಲೆ ಬೀಸಿ ಹೋಯಿತು. ದೋಣಿ ತಿರುಗಿ ಬಂದ ದಾರಿ ಹಿಡಿಯಿತು.

"ಅತ್ತೆ, ಎಷ್ಟು ವರ್ಷ ನಡೆಸಿದ್ರಿ?" ಭಾನು ನಗುತ್ತಿದ್ದಳು.

"ನಾನೆಲ್ಲಿ ನಡೆಸ್ದೆ ಕಣಮ್ಮಿ? ನಾನು ಒಳಗೆ ಎದ್ರುಕೊಂಡು ಕೂತಿದ್ದೆ, ನಮ್ಮೋರ್ನ ಕೇಳು."

ನಾಲ್ಕು ಸಲ ಆಚೆ ಈಚೆ ಹೋಗಿ ಬಂದರು. ಕೊನೆಯ ಸಲ ಭಾನುವಿನ ಕೈಗೆ ಕೊಟ್ಟಳು. ದಡಕ್ಕೆ ಬಂದಾಗ ದೊರೆಸ್ವಾಮಿ ಬಾಗಿಲಿನಿಂದ ತಲೆ ಹೊರಗಿಟ್ಟರು. ಮುಖ ಬೆವೆತಿತ್ತು, ಕಣ್ಣು ಹೊಳೆಯುತ್ತಿದ್ದವು. "ಒಂದು ತೊಟ್ಟೂ ಇಲ್ಲ. ಒಂದೇ ಒಂದು ತೊಟ್ಟು ನೀರಿಲ್ಲ!" ಎಂದರು.

ಚಿಕ್ಕಬೀರಯ್ಯ ಕೆರೆಯೊಳಕ್ಕೇ ಇಳಿದು ಬಂದಿದ್ದ. "ದೊರೆಸಾಮಿ, ಇದೇನ್ಲಾ ಇದು? ಗಂಗಮ್ಮ ನಡೆಸ್ತಳಲ್ಲ!"

ಸುತ್ತ ಜನ ಕಾಯುತ್ತಿದ್ದರು. ದೊರೆಸ್ವಾಮಿ ದೋಣಿಯ ಅಂಚು ಹಿಡಿದು ನಿಂತರು. "ಅವಳೇ ಕಣ್ಲಾ ನಡೆಸ್ತಿದ್ದೋಳು," ಎಂದರು. "ಕೊಲ್ಲಂನಲ್ಲೂ ಅವಳೇಯ. ನಾನು ಬಕೇಟು ಇಡ್ಕೊಂಡು ಒಳಗೆ ಕೂತಿದ್ದೆ."

ಏರಿಯ ಮೇಲೆ ನಗೆ ಹೊರಳಿತು. ಎಲ್ಲರೂ ಗಂಗಾಂಬಿಕೆಯ ಕಡೆ ತಿರುಗಿದರು, ಅವಳು ಏನಾದರೂ ಒಂದು ಸೇರಿಸುತ್ತಾಳೆಂದು. ಸೇರಿಸಲು ಅವಳಿಗೆ ಬೇಕಾದಷ್ಟಿತ್ತು. ಆದರೆ ಅವಳು ಏರಿಯ ಕಡೆ ತಿರುಗಿ, "ಒಂಬತ್ತು ವರ್ಷ ಒಣನೆಲದ ಮ್ಯಾಲಿಟ್ಟು, ತೊಟ್ಟು ನೀರು ಬರ್ದಂಗೆ ಕಾದವ್ರೆ. ನಿಮ್ ಮನೆ ಸೂರು ಹಂಗದಾ?" ಎಂದುಬಿಟ್ಟಳು. ನಗು ನಿಂತಿತು. ದೊರೆಸ್ವಾಮಿ ಕೆರೆಯ ಕಡೆ ನೋಡುತ್ತ ಕನ್ನಡಕ ಒರೆಸಿಕೊಂಡರು.

ಭಾನು ಚೌಕಾಸಿ ಮಾಡಲಿಲ್ಲ. ದೊರೆಸ್ವಾಮಿಯೇ ಒಲೆಯ ಗುಂಡಿಯ ಲೆಕ್ಕದಲ್ಲಿ ಬೆಲೆ ಇಳಿಸಲು ಹೊರಟರು. ಗಂಗಾಂಬಿಕೆ ಅವರ ಕಾಲು ತುಳಿದು ಸುಮ್ಮನಾಗಿಸಿದಳು. ಗುರುವಾರ ಲಾರಿ ಬಂತು. ರಾತ್ರಿ ಒಂಬತ್ತಕ್ಕೆ ಬಂಡೀಪುರದ ಕಾಡಿನ ಗೇಟು ಹಾಕುತ್ತಾರೆಂದು ಮಧ್ಯಾಹ್ನವೇ ಹೊರಡಿಸಿದರು. ಗುಂಡ್ಲುಪೇಟೆಯವರೆಗೆ ದೊರೆಸ್ವಾಮಿ ಲಾರಿಯಲ್ಲೇ ಹೋಗಿ, ಹಗ್ಗದ ಗಂಟುಗಳನ್ನು ಇನ್ನೊಮ್ಮೆ ಬಿಗಿದು, ಬಸ್ಸಿನಲ್ಲಿ ಮರಳಿದರು.

ಆಮೇಲೆ ಮನೆಯಲ್ಲಿ ಕಷ್ಟ ಶುರುವಾಯಿತು. ಅವರ ಕೈಗೆ ಕೆಲಸವಿರಲಿಲ್ಲ. ಮೊದಲ ವಾರ ಫ್ಯಾನುಗಳೆಲ್ಲ ಕೆಳಗಿಳಿದವು. ಎರಡನೆಯ ವಾರ ಮಿಕ್ಸಿ, ಹೊಲಿಗೆ ಮೆಷೀನು, ಚಿಕ್ಕಬೀರಯ್ಯನ ಪಂಪ್‌ಸೆಟ್ಟು. ಒಂದು ಬೆಳಿಗ್ಗೆ ಅವಳು ಏಳುವಷ್ಟರಲ್ಲಿ ಗ್ರೈಂಡರಿನ ಕಲ್ಲು ಒಂದು ಕಡೆ, ಮೋಟಾರು ಒಂದು ಕಡೆ ಪೇಪರಿನ ಮೇಲೆ ಹರಡಿದ್ದವು, ದೋಸೆಗೆ ನೆನೆಹಾಕಿದ ಅಕ್ಕಿ ಪಾತ್ರೆಯಲ್ಲೇ ಇತ್ತು.

ಗಂಗಾಂಬಿಕೆ ಫೋನು ಹಿಡಿದು ಹಿತ್ತಲಿಗೆ ಹೋದಳು.

"ಭಾನು, ದೋಣೀಲಿ ಏನಾರ ಕೆಟ್ಟದಾ ಕಣಮ್ಮಿ?"

"ಇಲ್ಲ ಅತ್ತೆ, ಏನೂ ಕೆಟ್ಟಿಲ್ಲ! ಚೆನ್ನಾಗಿ ಓಡ್ತದ."

"ಕೆಟ್ಟದ ಅನ್ನು. ಈಗ್ಲೇ ಅವ್ರಿಗೆ ಫೋನ್ ಮಾಡಿ, ನೀವೇ ಬರ್ಬೇಕು ಮಾವ ಅನ್ನು. ಒಬ್ರನ್ನೇ ಅಷ್ಟು ದೂರ ಕಳಿಸೋಕಾಯ್ತದಾ? ಬ್ಯಾಗು ಹಿಡ್ಕೊಳ್ಳೋಕೆ ನಾನೂ ಬತ್ತೀನಿ."